ಆಟಗಾರರನ್ನು ಹುಡುಕುವವರಾರು?

ಹೈದರಾಬಾದು ಒಂದು ಕಾಲಕ್ಕೆ ಭಾರತದ ಕಾಲ್ಚೆಂಡಾಟದ ತವರಾಗಿತ್ತೆಂದರೆ ಇಂದಿನ ಕಾಲೇಜು ತರುಣರು ನಂಬಲಾರರು. ಇಲ್ಲಿಯ ಪೊಲೀಸ್ ತಂಡವು 1950ರಿಂದ 1954ರವರೆಗೆ ಸತತ ಐದು ಸಲ ಮುಂಬಯಿಯ ರೋವರ್ಸ್ ಕಪ್ಪನ್ನು ಗೆದ್ದಿತು. ಅದರ ತರಬೇತುಗಾರರಾದ ಸೈಯದ್ ಅಬ್ದುಲ್ ರಹೀಂ ಸಾಹೇಬರು ನಮ್ಮ ಕಾಚಿಗುಡದ ಶಾಲೆಯಲ್ಲಿಯೂ ಪಾಠ ಹೇಳಿದ ಉಪಾಧ್ಯಾಯರು. 1951ರಲ್ಲಿ ದಿಲ್ಲಿಯಲ್ಲಿಯೂ 1962ರಲ್ಲಿ ಜಕಾರ್ತಾದಲ್ಲಿಯೂ ಏಷ್ಯನ್ ಕ್ರೀಡಾಕೂಟದ ಚಿನ್ನವನ್ನು ಗೆದ್ದ ಭಾರತ ತಂಡಗಳು ಅವರ ಕೈಯಲ್ಲಿ ಪಳಗಿದವು. ಸಿಕಂದರಾಬಾದಿನ ಬಡಮನೆಯ ತುಳಸಿದಾಸ್ ಬಲರಾಂ ಅವರ ಗರಡಿಯವನೇ.

ಇಂದು ಕಾಲೇಜುಗಳು ಪ್ರತಿಭೆಯಿಲ್ಲವೆಂದು ಹಲುಬುತ್ತಿವೆ. ಆದರೆ ಅವು ಹುಡುಕುವುದೆಲ್ಲಿ? ಕಚೇರಿಯಲ್ಲಿ ಕುಳಿತು ಕ್ರೀಡಾ ಮೀಸಲಿನ ಅರ್ಜಿಗಳಿಗಾಗಿ ಕಾಯುವುದು, ಪ್ರಶಸ್ತಿಪತ್ರಗಳನ್ನು ಎಣಿಸುವುದು, ಇಷ್ಟೇ. ಅಷ್ಟರಲ್ಲಿ ಹುಡುಗ ಕೈತಪ್ಪಿರುತ್ತಾನೆ. ಹತ್ತನೆಯ ತರಗತಿ ಮುಗಿದೊಡನೆ ಅವನು ಇಂಜಿನಿಯರಿಂಗ್ ಪ್ರವೇಶಪರೀಕ್ಷೆಗೆ ಸಿದ್ಧಪಡಿಸುವ ಇಂಟರ್‌ಮೀಡಿಯೆಟ್ ಕಾಲೇಜನ್ನು ಸೇರುತ್ತಾನೆ. ಅಂಥ ಎಷ್ಟೋ ಕಾಲೇಜುಗಳು ಮಹಡಿಮನೆಗಳಲ್ಲಿವೆ, ಅಂಗಳವೆಂಬುದೇ ಇಲ್ಲ. ಕಾಲು ಬಲಿಯಬೇಕಾದ ಎರಡು ವರ್ಷಗಳು ಬೆಂಚಿನ ಮೇಲೆ ಸವೆಯುತ್ತವೆ. (ಹೀಗೆ ಕಳುಹಿಸುವವರಲ್ಲಿ ನಾವು ಕನ್ನಡಿಗರೇನೂ ಹಿಂದೆ ಬಿದ್ದಿಲ್ಲ.)

ಅಮೆರಿಕದ ಕಾಲೇಜುಗಳು ತಮ್ಮ ಬಗೆಯ ಫುಟ್‌ಬಾಲಿಗೆ ಪ್ರೌಢಶಾಲೆಗಳಲ್ಲಿಯೇ ಹುಡುಗರನ್ನು ಗುರುತಿಸಿ ವಿದ್ಯಾರ್ಥಿವೇತನ ಕೊಟ್ಟು ಕರೆದೊಯ್ಯುತ್ತವೆ. 2021ರಿಂದ ಆಟಗಾರರು ತಮ್ಮ ಹೆಸರಿನಿಂದ ಹಣ ಗಳಿಸಲೂ ಅಲ್ಲಿ ಅನುಮತಿಯುಂಟು. ಆ ಹಣದ ಪೈಪೋಟಿ ನಮಗೆ ಬೇಡ, ಮುಂಚಿತವಾಗಿ ಹುಡುಕುವ ಶ್ರದ್ಧೆ ಬೇಕು. ನಮ್ಮಲ್ಲಿ ಹುಡುಗನಿಗೆ ಮುಂದಿನ ಆಸರೆಯೂ ಕಿರಿದಾಗಿದೆ: 2022ರಲ್ಲಿ ಇಂಡಿಯನ್ ಸೂಪರ್ ಲೀಗ್ ಗೆದ್ದ ಹೈದರಾಬಾದ್ ತಂಡವು 2025ರಲ್ಲಿ ದಿಲ್ಲಿಗೆ ವಲಸೆಹೋಯಿತು.

ಉಸ್ಮಾನಿಯಾ ವಿಶ್ವವಿದ್ಯಾಲಯದ ಕಾಲೇಜುಗಳು ಒಂಬತ್ತನೆಯ ತರಗತಿಯಲ್ಲಿಯೇ ಹುಡುಗರನ್ನು ಆರಿಸಿ, ಪದವಿಯ ಸ್ಥಾನಕ್ಕೆ ಮಾತುಕೊಟ್ಟು, ನಡುವಣ ವರ್ಷಗಳಲ್ಲಿ ಸಂಜೆ ತಮ್ಮ ಮೈದಾನಗಳನ್ನು ಅವರಿಗೆ ತೆರೆದಿಡಲಿ.