ದಿರ್ಹಮ್ ಗುಣಿಸುವ ಮೊದಲು ಖರ್ಚು ಕಳೆಯೋಣ

ಪಿಯುಸಿ ಮುಗಿದ ಮೇಲೆ ಏನು ಎಂದು ಕೇಳಿದರೆ ನಮ್ಮ ಕಡೆ ಹೆಚ್ಚಾಗಿ ಮೂರು ಉತ್ತರಗಳು ಸಿಗುತ್ತವೆ: ಡಿಗ್ರಿ, ನರಸಾಪುರ, ಇಲ್ಲವೇ ಗಲ್ಫ್. ಡಿಗ್ರಿಯ ಖರ್ಚನ್ನು ಮನೆಯವರೆಲ್ಲ ಕೂತು ಲೆಕ್ಕ ಹಾಕುತ್ತಾರೆ. ನರಸಾಪುರದ ಕಾರ್ಖಾನೆಗೆ ಹೊರಟವನು ಕೈಗೆ ಬರುವುದೆಷ್ಟು, ಪಿಎಫ್ ಎಷ್ಟು ಹಿಡಿಯುತ್ತಾರೆ, ಕಂಪನಿ ಬಸ್ಸು ಎಲ್ಲಿಯವರೆಗೆ ಬರುತ್ತದೆ ಎಂದು ನಾಲ್ಕು ಜನರನ್ನು ವಿಚಾರಿಸುತ್ತಾನೆ. ಗಲ್ಫ್ ಎಂದಾಗ ಮಾತ್ರ ಲೆಕ್ಕ ಒಂದೇ ಸಾಲಿನಲ್ಲಿ ಮುಗಿದುಹೋಗುತ್ತದೆ. "ಸಂಬಳ 1,500 ದಿರ್ಹಮ್. ಒಂದಕ್ಕೆ 23 ರೂಪಾಯಿ ಅಂದರೂ ತಿಂಗಳಿಗೆ 34,500."

ಈ ಗುಣಾಕಾರ ತಪ್ಪಲ್ಲ. ಆದರೆ ಇದು ಲೆಕ್ಕದ ಮೊದಲ ಸಾಲು ಮಾತ್ರ. ಕೋಲಾರದವರಿಗೆ ಇದನ್ನು ಬಿಡಿಸಿ ಹೇಳಬೇಕಾಗಿಲ್ಲ. 2023ರ ಜುಲೈನಲ್ಲಿ ಕೋಲಾರದ ಮಂಡಿಯಲ್ಲಿ 15 ಕೆಜಿ ಟೊಮೆಟೊ ಬಾಕ್ಸಿಗೆ 2,000 ರೂಪಾಯಿ ದಾಟಿದಾಗ ಹೊರಗಿನವರು ಇಲ್ಲಿನ ರೈತರೆಲ್ಲ ಲಕ್ಷಾಧೀಶರಾದರು ಎಂದುಕೊಂಡರು. ಸಸಿ, ಗೊಬ್ಬರ, ಔಷಧಿ, ಊರುಗೋಲು, ಕೂಲಿ, ಗಾಡಿ ಬಾಡಿಗೆ, ಕಮಿಷನ್ ಎಲ್ಲ ಕಳೆದ ಮೇಲೆ ಉಳಿದದ್ದೇ ಆದಾಯ ಎಂಬುದು ಬೆಳೆದವನಿಗೆ ಗೊತ್ತು. ಬಾಕ್ಸಿನ ರೇಟನ್ನು ಆದಾಯ ಎಂದು ನಂಬದ ನಾವು ಸಂಬಳದ ರೇಟನ್ನು ಯಾಕೆ ಆದಾಯ ಎಂದು ನಂಬುತ್ತೇವೆ?

ಹೋಗಬೇಡಿ ಎಂದು ನಾನು ಹೇಳುತ್ತಿಲ್ಲ. ಭಟ್ಕಳ, ಮಂಗಳೂರು, ಉಡುಪಿ ಕಡೆಯವರು ದಶಕಗಳಿಂದ ಗಲ್ಫಿನಲ್ಲಿ ದುಡಿದು ಮನೆ ಕಟ್ಟಿದ್ದಾರೆ, ಮಕ್ಕಳನ್ನು ಓದಿಸಿದ್ದಾರೆ. ಮೊದಲು ಹೋದ ಅಣ್ಣನೋ ಮಾವನೋ ಹೊಸಬನಿಗೆ ದಾರಿ ತೋರಿಸುವ ಅನುಕೂಲ ಅವರಿಗಿದೆ. ನಮ್ಮ ಮುಳಬಾಗಿಲು, ಶ್ರೀನಿವಾಸಪುರದ ಹಳ್ಳಿಗಳಿಂದ ಹೋಗುವವನಿಗೆ ಹಾಗೆ ಹೇಳುವವರು ಕಡಿಮೆ. ಆದ್ದರಿಂದ ನಮ್ಮ ಲೆಕ್ಕ ಇನ್ನೂ ಬಿಗಿಯಾಗಿರಬೇಕು.

ಒಂದು ಮಾದರಿ ಲೆಕ್ಕ ಮಾಡಿ ನೋಡೋಣ. ಸಂಬಳ 1,500 ದಿರ್ಹಮ್, ಮಲಗಲು ಜಾಗ ಕಂಪನಿಯದೇ ಎಂದಿಟ್ಟುಕೊಳ್ಳಿ. ಊಟಕ್ಕೆ 450, ಫೋನು ಮತ್ತು ಇಂಟರ್‌ನೆಟ್‌ಗೆ 100, ಬಸ್ಸು, ಸೋಪು, ಕ್ಷೌರಕ್ಕೆ 100, ಕಾಯಿಲೆ ಕಸಾಲೆಗೆಂದು ಎತ್ತಿಡಲು 100, ಹಣ ಕಳಿಸುವ ಶುಲ್ಕಕ್ಕೆ 25. ಒಟ್ಟು 775. ಉಳಿಯುವುದು 725 ದಿರ್ಹಮ್, ಅಂದರೆ 16,675 ರೂಪಾಯಿ. ಬಾಯಲ್ಲಿ ಹೇಳಿದ 34,500ರಲ್ಲಿ ಅರ್ಧಕ್ಕಿಂತ ಕಡಿಮೆ. ಕೋಣೆಯ ಬಾಡಿಗೆಯನ್ನೂ ನೀವೇ ಕಟ್ಟಬೇಕಾದರೆ ಇನ್ನೂ ಕಡಿಮೆ.

ಈಗ ಸಾಲಕ್ಕೆ ಬರೋಣ. ವೀಸಾಕ್ಕೆಂದು ಒಂದೂವರೆ ಲಕ್ಷವನ್ನು ನೂರಕ್ಕೆ ಮೂರು ರೂಪಾಯಿ ಬಡ್ಡಿಗೆ ತಂದಿದ್ದರೆ ಮೊದಲ ತಿಂಗಳ ಬಡ್ಡಿಯೇ 4,500. ಅಸಲಿಗೆ 10,000 ಕಟ್ಟಿದರೆ ಮನೆಗೆ ಉಳಿಯುವುದು 2,175. ಅಸಲು ಇಳಿದಂತೆ ಬಡ್ಡಿಯೂ ಇಳಿಯುತ್ತದೆ, ನಿಜ. ಆದರೂ ಸಾಲ ತೀರಲು ಹದಿನೈದು ತಿಂಗಳು ಬೇಕು. ಎರಡು ವರ್ಷದ ಒಪ್ಪಂದದಲ್ಲಿ ಮನೆಗಾಗಿ ದುಡಿಯುವುದು ಉಳಿದ ಒಂಬತ್ತು ತಿಂಗಳು ಮಾತ್ರ. ಮಗ ಹೋದ ಮರುತಿಂಗಳಿಂದಲೇ ಅಮ್ಮಿಯ ಕೈಗೆ ದುಡ್ಡು ಬರುತ್ತದೆ, ಮುಂದಿನ ವರ್ಷ ತಂಗಿಯ ಮದುವೆ ಎಂದು ಮಾತು ಕೊಟ್ಟ ಮನೆಗೆ ಈ ಹದಿನೈದು ತಿಂಗಳು ಯಾರ ಲೆಕ್ಕದಲ್ಲೂ ಇರುವುದಿಲ್ಲ.

ಆ ಒಂದೂವರೆ ಲಕ್ಷ ಯಾಕೆ ಎಂದೂ ಕೇಳಬೇಕು. ನಮ್ಮ ದೇಶದ ನಿಯಮದಂತೆ ನೋಂದಾಯಿತ ಏಜೆಂಟ್ ಕೆಲಸಕ್ಕೆ ಹೋಗುವವನಿಂದ ಪಡೆಯಬಹುದಾದ ಗರಿಷ್ಠ ಶುಲ್ಕ 30,000 ರೂಪಾಯಿ ಮತ್ತು ಅದರ ಮೇಲೆ ಶೇ. 18 ಜಿಎಸ್‌ಟಿ, ಒಟ್ಟು 35,400. ಯುಎಇ ಕಾನೂನಿನ ಪ್ರಕಾರವಂತೂ ನೇಮಕದ ಖರ್ಚು ಮಾಲೀಕನದೇ. ಏಜೆಂಟ್ ನೋಂದಾಯಿತನೇ ಎಂದು ವಿದೇಶಾಂಗ ಸಚಿವಾಲಯದ ಇ-ಮೈಗ್ರೇಟ್ ತಾಣದಲ್ಲಿ ಐದು ನಿಮಿಷದಲ್ಲಿ ನೋಡಬಹುದು.

ಇಲ್ಲಿ ಪಿಯು ವಿದ್ಯಾರ್ಥಿಗಳು ಗಮನಿಸಬೇಕಾದ ಒಂದು ವಿಷಯವಿದೆ. ಹತ್ತನೇ ತರಗತಿ ಪಾಸಾಗದವರ ಪಾಸ್‌ಪೋರ್ಟ್ ಇಸಿಆರ್ ವರ್ಗದ್ದು. ಅವರು ಗಲ್ಫಿಗೆ ಕೆಲಸಕ್ಕೆ ಹೋಗುವ ಮೊದಲು ಸರ್ಕಾರದ ವಲಸೆ ಅನುಮತಿ ಪಡೆಯಬೇಕು, ಪ್ರವಾಸಿ ಭಾರತೀಯ ಬಿಮಾ ಯೋಜನೆಯ ವಿಮೆ ಮಾಡಿಸಬೇಕು. ಎರಡು ವರ್ಷಕ್ಕೆ 275 ರೂಪಾಯಿ ಕಂತು, ಅಪಘಾತದಲ್ಲಿ ಸಾವು ಅಥವಾ ಅಂಗವೈಕಲ್ಯವಾದರೆ 10 ಲಕ್ಷದ ವಿಮೆ. ನಾವು ಹತ್ತನೇ ತರಗತಿ ದಾಟಿದವರು. ನಮಗೆ ಆ ಅನುಮತಿ ಬೇಕಿಲ್ಲ. ಇದನ್ನು ನಾವು ಹೆಮ್ಮೆಯಿಂದ ಹೇಳಿಕೊಳ್ಳುತ್ತೇವೆ. ಆದರೆ ಇದರ ಇನ್ನೊಂದು ಅರ್ಥ, ನಮ್ಮ ಒಪ್ಪಂದದ ಕಾಗದವನ್ನು ನಾವೇ ಓದಬೇಕು ಎಂಬುದು.

ಆ ಕಾಗದದಲ್ಲಿ ಮೊದಲು ನೋಡಬೇಕಾದದ್ದು ಮೂಲ ವೇತನ. ಒಟ್ಟು 1,500 ಎಂದಿದ್ದು ಮೂಲ ವೇತನ 800 ಮಾತ್ರ ಇರಬಹುದು, ಉಳಿದದ್ದು ಭತ್ಯೆ. ಯುಎಇಯಲ್ಲಿ ಕೆಲಸ ಬಿಡುವಾಗ ಸಿಗುವ ಗ್ರಾಚ್ಯುಟಿ ಮೊದಲ ಐದು ವರ್ಷಗಳಿಗೆ ವರ್ಷಕ್ಕೆ 21 ದಿನದ ವೇತನ, ಅದೂ ಮೂಲ ವೇತನದ ಮೇಲೆ. 1,500ಕ್ಕೆ 1,050 ಸಿಗುವ ಕಡೆ 800ಕ್ಕೆ ಸಿಗುವುದು 560. ಸಹಿ ಹಾಕುವ ದಿನ ಕಾಣದ ಈ ವ್ಯತ್ಯಾಸ ವಾಪಸು ಬರುವ ದಿನ ಕಾಣುತ್ತದೆ.

ಸಂಬಳ ಹೆಚ್ಚಿದ್ದವರಿಗೂ ಲೆಕ್ಕ ತಪ್ಪಿದ್ದಲ್ಲ. ಗಲ್ಫಿನಲ್ಲಿ ಸಂಬಳಕ್ಕೆ ತೆರಿಗೆಯಿಲ್ಲ ಎಂಬ ಮಾತನ್ನೇ ನಂಬಿ ಹೆಂಡತಿ ಮಕ್ಕಳನ್ನು ಕರೆಸಿಕೊಂಡವರಿಗೆ ಸೌದಿಯ ಉದಾಹರಣೆ ಸಾಕು. ಅಲ್ಲಿ 2017ರ ಜುಲೈನಿಂದ ಪ್ರತಿ ಅವಲಂಬಿತರಿಗೆ ತಿಂಗಳಿಗೆ 100 ರಿಯಾಲ್ ಶುಲ್ಕ ಬಂತು. ವರ್ಷಕ್ಕೆ ನೂರರಂತೆ ಏರಿ 2020ರಲ್ಲಿ 400 ಆಯಿತು. ಹೆಂಡತಿ ಮತ್ತು ಇಬ್ಬರು ಮಕ್ಕಳಿದ್ದರೆ ವರ್ಷಕ್ಕೆ 14,400 ರಿಯಾಲ್, ನಮ್ಮ ಮೂರು ಲಕ್ಷ ರೂಪಾಯಿಗೂ ಹೆಚ್ಚು. 2018ರಲ್ಲಿ ಶೇ. 5ರಷ್ಟಿದ್ದ ವ್ಯಾಟ್ 2020ರ ಜುಲೈನಲ್ಲಿ ಶೇ. 15ಕ್ಕೆ ಏರಿತು. ದುಬೈನಲ್ಲಾದರೆ ವರ್ಷದ ಮನೆ ಬಾಡಿಗೆಯ ಶೇ. 5ರಷ್ಟು ವಸತಿ ಶುಲ್ಕ ಕರೆಂಟು ನೀರಿನ ಬಿಲ್ಲಿನಲ್ಲಿ ಸೇರಿ ಬರುತ್ತದೆ. ಸಂಬಳಕ್ಕೆ ತೆರಿಗೆಯಿಲ್ಲ ಎಂದರೆ ಬದುಕಿಗೆ ಖರ್ಚಿಲ್ಲ ಎಂದಲ್ಲ.

ಓದಲು ಹೋಗುವವರಿಗೆ ಕೆಲವು ದೇಶಗಳೇ ಈ ಲೆಕ್ಕ ಮಾಡಿಸುತ್ತವೆ. ಜರ್ಮನಿ ವಿದ್ಯಾರ್ಥಿ ವೀಸಾ ಕೊಡುವ ಮೊದಲು ವರ್ಷದ ಜೀವನ ವೆಚ್ಚದ ಹಣವನ್ನು ತೋರಿಸಲು ಹೇಳುತ್ತದೆ. 2024ರ ಸೆಪ್ಟೆಂಬರ್‌ನಿಂದ ಆ ಮೊತ್ತ 11,904 ಯೂರೋ, ತಿಂಗಳಿಗೆ 992. ಹಣ ತೋರಿಸದಿದ್ದರೆ ವೀಸಾ ಕಷ್ಟ. ದುಡಿಯಲು ಹೋಗುವವನಿಗೆ ಹೀಗೆ ಕೇಳುವವರಿಲ್ಲ. ಆದ್ದರಿಂದ ಮನೆಯವರೇ ಕೇಳಬೇಕು.

ಕೇಳುವುದು ಸುಲಭವಲ್ಲ ಎಂದು ಗೊತ್ತು. "ಇಷ್ಟೆಲ್ಲ ಲೆಕ್ಕ ಹಾಕಿದರೆ ಯಾರೂ ಹೊಸಿಲು ದಾಟಲ್ಲ, ರಿಜ್ಕ್ ಕೊಡುವವನು ಅಲ್ಲಾಹ್" ಎಂದು ದೊಡ್ಡವರು ಹೇಳುತ್ತಾರೆ. ಅವರ ನಂಬಿಕೆ ನಮ್ಮದೂ ಹೌದು. ಆದರೆ ಕುರ್‌ಆನಿನ ಅತ್ಯಂತ ದೀರ್ಘವಾದ ಆಯತ್, ಸೂರಾ ಬಕರಾದ 282ನೆಯದು, ಸಾಲದ ವ್ಯವಹಾರವನ್ನು ಸಾಕ್ಷಿಗಳ ಮುಂದೆ ಬರೆದಿಡುವ ಬಗ್ಗೆಯೇ ಇದೆ. ಲೆಕ್ಕ ಬರೆಯುವುದು ತವಕ್ಕುಲ್‌ಗೆ ವಿರುದ್ಧ ಎನ್ನುವವರು ಇದನ್ನು ಯೋಚಿಸಬೇಕು. ಇನ್ನೊಂದು ಮಾತನ್ನೂ ಹೇಳಲೇಬೇಕು. ಬ್ಯಾಂಕಿನ ಬಡ್ಡಿ ಮುಟ್ಟಲು ಹಿಂಜರಿಯುವ ಮನೆಗಳೇ ವೀಸಾಕ್ಕಾಗಿ ಮೂರು ರೂಪಾಯಿ ಬಡ್ಡಿಗೆ ಕೈ ಚಾಚುತ್ತವೆ. ಆರು ತಿಂಗಳು ತಡವಾದರೂ ಸರಿ, ಇಲ್ಲೇ ದುಡಿದು ಕೂಡಿಟ್ಟ ಹಣದಲ್ಲಿ ಹೋಗುವುದು ದೀನ್‌ಗೂ ಒಳ್ಳೆಯದು, ದುಡ್ಡಿಗೂ ಒಳ್ಳೆಯದು.

ಹೋದವನ ಖರ್ಚಿನಷ್ಟೇ ಇಲ್ಲಿರುವ ನಮ್ಮ ಖರ್ಚೂ ಲೆಕ್ಕಕ್ಕೆ ಬರಬೇಕು. ಅಣ್ಣ ದುಬೈನಲ್ಲಿದ್ದಾನೆ ಎಂದು ತಮ್ಮನಿಗೆ ಕಂತಿನ ಬೈಕು, ಮದುವೆಗೆ ಇನ್ನೂರು ಜನರ ಬದಲು ಎಂಟುನೂರು ಜನ. ಅವನು ಊಟದಲ್ಲಿ ಉಳಿಸಿದ್ದು ಇಲ್ಲಿ ಶಾಮಿಯಾನಕ್ಕೆ ಹೋಗುತ್ತದೆ. ಸಂಬಳ ಎಷ್ಟು ಉಳಿಯುತ್ತದೆ ಎಂದು ಅವನು ನಿಜ ಹೇಳಬೇಕು; ಹೇಳಿದಾಗ ಅವನನ್ನು ಕೀಳಾಗಿ ನೋಡದಿರುವುದು ನಮ್ಮ ಕೆಲಸ. ಕಷ್ಟ ಹೇಳಿಕೊಂಡರೆ ಮರ್ಯಾದೆ ಹೋಗುತ್ತದೆ ಎಂದು ಅಲ್ಲಿ ಮತ್ತೊಂದು ಸಾಲ ಮಾಡಿ ಇಲ್ಲಿಗೆ ಕಳಿಸುವ ಸ್ಥಿತಿಗೆ ಯಾವ ಮಗನನ್ನೂ ತರಬಾರದು.

ಕೊನೆಯದಾಗಿ ಒಂದು ಸಲಹೆ. ನಮ್ಮ ಕಾಲೇಜಿನ ವಾಣಿಜ್ಯ ವಿಭಾಗ ಪ್ರತಿ ವರ್ಷ ದ್ವಿತೀಯ ಪಿಯುಸಿಯವರಿಗೆ ಒಂದು ದಿನ ಈ ಲೆಕ್ಕವನ್ನೇ ಬರೆಸಲಿ. ವಿಜ್ಞಾನ, ಕಲಾ ವಿಭಾಗದವರೂ ಬರಲಿ, ತಂದೆತಾಯಿಯರೂ ಬರಲಿ. ಒಂದೇ ಹಾಳೆ ಸಾಕು: ಹೋಗುವ ಮೊದಲಿನ ಖರ್ಚು, ಅಲ್ಲಿನ ತಿಂಗಳ ಖರ್ಚು, ಇಲ್ಲಿನ ಮನೆಯ ಅಗತ್ಯ, ಸಾಲ ತೀರುವ ತಿಂಗಳು, ಮೂರು ತಿಂಗಳು ಕೆಲಸವಿಲ್ಲದಿದ್ದರೆ ಇರಬೇಕಾದ ಹಣ. ಅದರ ಪಕ್ಕದಲ್ಲೇ ಊರಲ್ಲಿದ್ದು ನರಸಾಪುರದಲ್ಲಿ ದುಡಿದರೆ ಉಳಿಯುವುದೆಷ್ಟು ಎಂದೂ ಬರೆಯಲಿ. ಎರಡನ್ನೂ ನೋಡಿದ ಮೇಲೂ ಹೋಗುವುದೇ ಸರಿ ಎನಿಸಿದರೆ ದುಆ ಮಾಡಿ ಕಳಿಸೋಣ.

ದೂರದ ಬೆಟ್ಟ ನುಣ್ಣಗೆ ಎಂಬ ಗಾದೆಯನ್ನು ದೇವರಾಯಸಮುದ್ರದವರಿಗೆ ಬೇರೆಯವರು ಕಲಿಸಬೇಕಾಗಿಲ್ಲ. ಹೆದ್ದಾರಿಯ ಬಸ್ಸಿನಿಂದ ನೋಡುವವರಿಗೆ ನಮ್ಮ ಬೆಟ್ಟ ಚೆಂದ. ಬಂಡೆ ಎಲ್ಲಿ ಜಾರುತ್ತದೆ ಎಂಬುದು ಹತ್ತಿದವರಿಗೆ ಮಾತ್ರ ಗೊತ್ತು. ಹತ್ತುವ ಆಸೆಯಿದ್ದವರು ಹತ್ತಲಿ, ಆದರೆ ಕಾಲಿಡುವ ಜಾಗ ನೋಡಿಕೊಂಡು ಹತ್ತಲಿ.