‘ಮೊದಲ ಬಾರಿ ಪತ್ತೆ’ ಎಂದರೆ ಹೊಸ ಕೀಟ ಹುಟ್ಟಿತು ಎಂದರ್ಥವೇ? ಬಿಳಿನೊಣದ ನಿಜ ಕಥೆ

ಹಲಸೂರು, ಇಂದಿರಾನಗರ, ಕೆ.ಆರ್. ಪುರದ ಮನೆ ಅಂಗಳಗಳಲ್ಲಿ ಸೀಬೆ, ದಾಸವಾಳ ಅಥವಾ ತೆಂಗಿನ ಎಲೆಯ ಹಿಂಬದಿ ನೋಡಿ. ಕೆಲವೊಮ್ಮೆ ಬಿಳಿ ಮೇಣದ ಪುಡಿ, ರಂಗೋಲಿ ಎಳೆಯಂಥ ಸುರುಳಿಗಳು ಕಾಣಿಸುತ್ತವೆ. ಅಂಥ ಎಲೆಯ ಫೋಟೊ ‘ಹೊಸ ವಿಷಕೀಟ ಮೊದಲ ಬಾರಿ ಪತ್ತೆ, ಎಳನೀರು ಕುಡಿಯಬೇಡಿ’ ಎಂಬ ಸಾಲಿನೊಂದಿಗೆ ನಿಮ್ಮ ಗ್ರೂಪಿಗೆ ಬಂದರೆ ನಂಬಬೇಕೇ?

ಇದೇನು?

ಇದು ಸುರುಳಿ ಬಿಳಿನೊಣ. ಹೆಸರಿನಲ್ಲಿ ನೊಣವಿದ್ದರೂ ಇದು ಗಿಡಹೇನಿನ ಬಳಗಕ್ಕೆ ಸೇರಿದ, ಎಲೆಯ ರಸ ಹೀರುವ ಕೀಟ. ಮನುಷ್ಯರನ್ನು ಕಚ್ಚುವುದಿಲ್ಲ. ಎಳನೀರಿನ ಒಳಗೂ ಸೇರುವುದಿಲ್ಲ. ಇದು ಹೊರಹಾಕುವ ಸಿಹಿ ಅಂಟಿನ ಮೇಲೆ ಕಪ್ಪು ಬೂಷ್ಟು ಬೆಳೆದು ಎಲೆ ಕಪ್ಪಾಗುತ್ತದೆ, ಗಿಡ ಸೊರಗುತ್ತದೆ.

ಇದು ಹೊಸ ಕೀಟವೂ ಅಲ್ಲ. 1965ರಲ್ಲೇ ಅಮೆರಿಕದ ಲೂಯಿಸ್ ರಸೆಲ್ ಇದಕ್ಕೆ ವೈಜ್ಞಾನಿಕ ಹೆಸರಿಟ್ಟಿದ್ದರು. ತವರು ಕೆರಿಬಿಯನ್ ಮತ್ತು ಮಧ್ಯ ಅಮೆರಿಕ. 1978ರಲ್ಲಿ ಹವಾಯಿಯಲ್ಲಿ ಕಾಣಿಸಿಕೊಂಡಿತು. 1993ರಲ್ಲಿ ಕೇರಳದ ಮರಗೆಣಸಿನ ಗಿಡಗಳಲ್ಲಿ ಸಿಕ್ಕಿತು. ‘ಭಾರತದಲ್ಲಿ ಮೊದಲ ದಾಖಲೆ’ ಎಂದರೆ ಇಷ್ಟೇ: ಈ ಜಾಗದಲ್ಲಿ, ಈ ಗಿಡದ ಮೇಲೆ ಈ ಕೀಟ ಇದೆ ಎಂದು ಪರಿಶೀಲಿಸಿ ಬರೆದಿಟ್ಟದ್ದು ಆಗ. ಕೀಟ ಅದಕ್ಕೂ ಮೊದಲೇ ಬಂದಿರಬಹುದು.

ಫೋಟೊ ನೋಡಿ ಗುರುತಿಸಬಹುದೇ?

ಕಷ್ಟ. ಬಿಳಿನೊಣಗಳ ಜಾತಿಯನ್ನು ಹಾರುವ ನೊಣ ನೋಡಿ ಹೇಳುವುದಿಲ್ಲ. ಎಲೆಗೆ ಅಂಟಿಕೊಂಡ ಕೋಶದ ಹಂತವನ್ನು ಗಾಜಿನ ಸ್ಲೈಡಿಗೆ ಏರಿಸಿ ಸೂಕ್ಷ್ಮದರ್ಶಕದಲ್ಲಿ ನೋಡಬೇಕು. 2016ರಲ್ಲಿ ತಮಿಳುನಾಡಿನ ಪೊಳ್ಳಾಚಿಯ ತೆಂಗಿನಲ್ಲಿ ಸಿಕ್ಕ ‘ರೂಗೋಸ್’ ಬಿಳಿನೊಣವೂ ಹೀಗೇ ಸುರುಳಿಯಲ್ಲಿ ಮೊಟ್ಟೆ ಇಡುತ್ತದೆ, ಆದರೆ ಅದು ಬೇರೆ ಜಾತಿ.

ದ್ವೀಪದ ದಾಖಲೆಯಿಂದ ಏನು ಲಾಭ?

ಕೊಚ್ಚಿಯಿಂದ ಸುಮಾರು 400 ಕಿ.ಮೀ. ದೂರದ ಲಕ್ಷದ್ವೀಪದ ಮಿನಿಕಾಯ್‌ಗೂ ಸುರುಳಿ ಬಿಳಿನೊಣ ತಲುಪಿತ್ತು. ಇಂಥ ಕೀಟಗಳು ಸಸಿ, ಎಲೆಗಳಿಗೆ ಅಂಟಿಕೊಂಡು ದೂರ ಸಾಗುತ್ತವೆ. ಅಲ್ಲಿ ಬಿಳಿನೊಣದ ಜೊತೆಗೆ ಅದರ ಶತ್ರುವೂ ಇತ್ತು: ತೀರಾ ಚಿಕ್ಕ ಕಣಜ ಎನ್‌ಕಾರ್ಸಿಯಾ ಗ್ವಾಡೆಲೋಪೇ. ಕೆರಿಬಿಯನ್‌ನ ಗ್ವಾಡೆಲೋಪ್ ದ್ವೀಪದ ಹೆಸರೇ ಅದಕ್ಕೆ. ಯಾರೂ ತಂದು ಬಿಟ್ಟದ್ದಲ್ಲ, ತಾನಾಗಿಯೇ ಬಂದದ್ದು. ಬೆಂಗಳೂರಿನ ಜೈವಿಕ ನಿಯಂತ್ರಣ ಯೋಜನಾ ನಿರ್ದೇಶನಾಲಯದ ಎಸ್. ರಮಣಿ 2000ರಲ್ಲಿ ಇದನ್ನು ವರದಿ ಮಾಡಿದರು. ಹೆಬ್ಬಾಳದಲ್ಲಿರುವ ಆ ಸಂಸ್ಥೆಯೇ ಇಂದಿನ ರಾಷ್ಟ್ರೀಯ ಕೃಷಿ ಕೀಟ ಸಂಪನ್ಮೂಲ ಬ್ಯೂರೋ.

ಈ ಕಣಜ ಬಿಳಿನೊಣದ ಮರಿಯೊಳಗೆ ಮೊಟ್ಟೆ ಇಡುತ್ತದೆ. ಅದರ ಮರಿ ಒಳಗಿನಿಂದಲೇ ತಿಂದು ಬೆಳೆದು, ದುಂಡನೆಯ ತೂತು ಕೊರೆದು ಹೊರಬರುತ್ತದೆ. ಮಿನಿಕಾಯ್‌ನಿಂದ ಇದನ್ನು ಒಳನಾಡಿಗೂ ತರಲಾಯಿತು. ಮುಂದೆ ರೂಗೋಸ್ ಬಿಳಿನೊಣ ಬಂದಾಗ ಅದರ ಮೇಲೂ ದಾಳಿ ಮಾಡಿದ್ದು ಇದೇ ಜಾತಿಯ ಕಣಜ. ದ್ವೀಪದಲ್ಲಿ ಕೀಟ ಇದೆ ಎಂದಷ್ಟೇ ಬರೆದು ಎಲೆಯನ್ನು ಎಸೆದಿದ್ದರೆ ಈ ನೆರವು ಕಣ್ಣಿಗೆ ಬೀಳುತ್ತಿರಲಿಲ್ಲ.

ನೀವೇನು ಮಾಡಬೇಕು?

• ಹೆದರಿ ಕೀಟನಾಶಕ ಸಿಂಪಡಿಸಬೇಡಿ. ಕಣಜವೂ ಸಾಯುತ್ತದೆ, ಬಿಳಿನೊಣ ಮತ್ತೆ ಹೆಚ್ಚುತ್ತದೆ. ಎಲೆಯ ಹಿಂಬದಿಗೆ ರಭಸವಾಗಿ ನೀರು ಹಾಯಿಸಿ. ತೀರಾ ಹೆಚ್ಚಿದ್ದರೆ ಬೇವಿನ ಎಣ್ಣೆ ಬಳಸಬಹುದು.
• ಕೀಟವಿರುವ ಸಸಿಯನ್ನು ಬೇರೆ ಬಡಾವಣೆಗೆ, ಊರಿಗೆ ಒಯ್ಯಬೇಡಿ.
• ಫೋಟೊ ಹಂಚುವುದಾದರೆ ಜಾಗ, ದಿನಾಂಕ, ಗಿಡದ ಹೆಸರು ಬರೆಯಿರಿ. ತೋಟಗಾರಿಕೆ ಇಲಾಖೆಗೋ ಕೃಷಿ ವಿಶ್ವವಿದ್ಯಾಲಯಕ್ಕೋ ತೋರಿಸಿ.

ತೀರ್ಮಾನ: ‘ಮೊದಲ ಬಾರಿ ಪತ್ತೆ’ ಎಂಬುದು ಅಪಾಯದ ಗಂಟೆಯಲ್ಲ, ಒಂದು ವಿಳಾಸ. ಊರು, ದಿನಾಂಕ, ಗಿಡ, ಗುರುತಿಸಿದವರು ಯಾರು ಎಂಬ ನಾಲ್ಕೂ ಇಲ್ಲದ ಸಂದೇಶವನ್ನು ಮುಂದಕ್ಕೆ ಕಳಿಸಬೇಡಿ.