ಕ್ಲೋಸ್ ಅಂದರ ಹತ್ತಿರೋ, ಮುಚ್ಚಿದ್ದೋ?

ಏಳನೇ ಇಯತ್ತೆ ಕಲಿತ ಒಕ್ಕಲಿಗ ಇಂಗ್ಲಿಷ್ ಶಬ್ದದ ಮ್ಯಾಲೆ ಬರೀತಾನೇನು ಅಂತ ಮಾಸ್ತರ ಮಂದಿ ನಗಬಹುದು. ನಗಲಿ. ಆ ಶಬ್ದ ನನ್ನ ಮನೆಯೊಳಗೇ ಬಂದು ಕುಂತ ಮೇಲೆ ಅದರ ಕೂಡ ನಾನು ಜಗಳಾಡದೆ ಇನ್ಯಾರು ಆಡಬೇಕು?

ಶಬ್ದ ಯಾವುದಂದರೆ ‘ಕ್ಲೋಸ್’. “ಅವರೂ ನಾವೂ ಭಾಳ ಕ್ಲೋಸ್ ರೀ” ಅಂತಾರಲ್ಲ, ಅದು. ಮೊದಲು ಪ್ಯಾಟಿ ಮಂದಿ ಅಂತಿದ್ದರು. ಈಗ ನಮ್ಮ ಭಜನಿ ಮೇಳದ ಹುಡುಗರೂ ಅಂತಾರೆ. ಮೊನ್ನೆ ಲಗ್ನಪತ್ರ ಹಂಚುವಾಗ “ಕ್ಲೋಸ್ ಇದ್ದವರಿಗಷ್ಟ ಕೊಟ್ಟರ ಸಾಕು” ಅಂದ ನನ್ನ ಅಣ್ಣನ ಮಗ.

ನನ್ನ ಮಗ ಗೋವಾದ ಫಾತೋರ್ಡಾದಲ್ಲಿ ಗೌಂಡಿ ಕೆಲಸ ಮಾಡತಾನೆ. ಸುಗ್ಗಿ ಮುಗಿದ ಮೇಲೆ ನಾನೂ ಹೋಗಿ ತಿಂಗಳೊಪ್ಪತ್ತು ಇದ್ದು ಬರತೀನಿ. ಹುಬ್ಬಳ್ಳಿಯಲ್ಲಿ ವಾಸ್ಕೋ ರೈಲು ಹತ್ತಿದರೆ ಜನರಲ್ ಡಬ್ಬಿಯೊಳಗೆ ಮೂವರ ಜಾಗದಾಗ ಐವರು. ಅಳ್ನಾವರ ದಾಟೂದರೊಳಗೆ ಯಾರೋ ರೊಟ್ಟಿ ಗಂಟು ಬಿಚ್ಚಿ ಎಲ್ಲರ ಕೈಗೂ ಅರ್ಧರ್ಧ ಇಡತಾರೆ. ಲೋಂಡಾ ಬರೂದರೊಳಗೆ ಗುರುತಿಲ್ಲದ ಹೆಣ್ಣುಮಗಳು “ಕಾಕಾ, ಈ ಕೂಸನ್ನ ಒಂಚೂರು ಹಿಡೀರಿ” ಅಂತ ನನ್ನ ತೊಡೆ ಮ್ಯಾಲೆ ಕೂಡಿಸಿರತಾಳೆ. ಮಡಗಾಂವದಲ್ಲಿ ಇಳಿದರೆ ಅವರ ದಾರಿ ಅವರಿಗೆ, ನಮ್ಮದು ನಮಗೆ. ಇದು ಕ್ಲೋಸೋ ಅಲ್ಲೋ, ನೀವೇ ಹೇಳಿ.

ಎರಡು ವರ್ಷದ ಹಿಂದೆ ಮಗ ಗೋಡೆಗೆ ಗಿಲಾವ್ ಮಾಡುವಾಗ ಮೇಲಿಂದ ಬಿದ್ದು ಕಾಲು ಮುರಕೊಂಡ. ಅವನ ಗುತ್ತಿಗೆದಾರ ನಮ್ಮ ಕಡೆಯವನೇ. ಹೆಸರು ಬೇಡ. ಊರಿಗೆ ಬಂದಾಗೆಲ್ಲ ನನ್ನ ಹೆಗಲ ಮ್ಯಾಲೆ ಕೈ ಹಾಕಿ “ನಿಮ್ಮ ಮಗಾ ನಮಗ ಭಾಳ ಕ್ಲೋಸ್” ಅಂತಿದ್ದವ. ಬಿದ್ದ ದಿನ ಸಂಜೀಕ ಅವನ ಫೋನೂ ಕ್ಲೋಸ್, ಪಗಾರವೂ ಕ್ಲೋಸ್! ನಾನು ಹೋಗಿ ಮುಟ್ಟೂತನಕ ಮೊಮ್ಮಕ್ಕಳಿಗೆ ಪೇಜ್ ಕುಡಿಸಿ ಮಲಗಿಸಿದಾಕಿ ಚಾಳಿನ ಬಾಜೂ ಖೋಲಿಯ ಕೊಂಕಣಿ ಬಾಯಿ. ಆಕಿಗೆ ಕನ್ನಡ ಬರೂದಿಲ್ಲ, ನನಗೆ ಕೊಂಕಣಿ ಬರೂದಿಲ್ಲ. ತನ್ನನ್ನು ಆಕಿ ಅಂದುಕೊಳ್ಳೂದು ‘ಶೆಜಾರಿ’ ಅಂತ, ಅಂದರೆ ನೆರೆಯವಳು. ಅಷ್ಟ.

ನಮ್ಮೂರ ಸಾಲಿ ಮಾಸ್ತರರೊಬ್ಬರಿಗೆ ಇದನ್ನು ಹೇಳಿದಾಗ ಅವರು ದಪ್ಪ ನಿಘಂಟು ತೆಗೆದರು. ಹತ್ತಿರ ಅನ್ನೂ ಕ್ಲೋಸಿಗೂ ಮುಚ್ಚು ಅನ್ನೂ ಕ್ಲೋಸಿಗೂ ಇಂಗ್ಲಿಷಿನಲ್ಲಿ ಅಕ್ಷರ ಒಂದೇ ಅಂತೆ. ಎರಡೂ ಹುಟ್ಟಿದ್ದು ‘ಮುಚ್ಚು’ ಅನ್ನೂ ಒಂದೇ ಲ್ಯಾಟಿನ್ ಬೇರಿನಿಂದ. ಇಂಗ್ಲಿಷರು ಒಂದರ ತುದಿಗೆ ಸ್ ಅಂತಾರೆ, ಇನ್ನೊಂದರ ತುದಿಗೆ ಝ್ ಅಂತಾರೆ. ನಮ್ಮ ಬಾಯಾಗ ಎರಡೂ ಸ್. ಅಂದರೆ ನಾವು ಯಾರಿಗೆ ‘ನೀ ನನಗ ಕ್ಲೋಸ್’ ಅಂತೀವೋ ಅವನಿಗೆ ಬಾಗಿಲೂ ಹಾಕಿದಂಗಾತು.

ಪರಭಾಷೆಯ ಶಬ್ದ ಬರಬಾರದು ಅಂತ ನಾನು ಹೇಳೂದಿಲ್ಲ. ಗೋವಾದ ಪೋರ್ಚುಗೀಸರು 1961ರಲ್ಲಿ ಹೋದರು, ಅವರ ಪಗಾರ, ಚಾವಿ, ಅಲಮಾರಿ ನಮ್ಮಲ್ಲೇ ಉಳಿದವು. ದೋಸ್ತಿಯೂ ಹೊರಗಿಂದ ಬಂದದ್ದೇ. ಇರಲಿ, ಅವು ಯಾರ ಜಾಗವನ್ನೂ ಕಸಗೊಳ್ಳಲಿಲ್ಲ. ಕ್ಲೋಸ್ ಹಂಗಲ್ಲ. ನಂಟು ಬೇರೆ, ಸಲಿಗೆ ಬೇರೆ, ಒಡನಾಟ ಬೇರೆ, ಅಕ್ಕರೆ ಬೇರೆ. ಒಲಿ ತನಕ ಹೋಗಿ ತಾನೇ ಸಾರು ಬಡಿಸಿಕೊಳ್ಳುವವನದು ಹೊಕ್ಕುಬಳಕೆ. ನನ್ನ ಹೊಲಕ್ಕ ನೀ, ನಿನ್ನ ಹೊಲಕ್ಕ ನಾ ಅನ್ನೂದು ಮುಯ್ಯಿ. ಒಂದು ಕ್ಲೋಸ್ ಬಂದು ಇವೆಲ್ಲವನ್ನೂ ನುಂಗಿ ಕುಂತದ. ಗುತ್ತಿಗೆದಾರ ‘ನಿಮ್ಮದು ನಮ್ಮದು ಹೊಕ್ಕುಬಳಕೆ’ ಅಂದಿದ್ದರೆ ನಾನು “ಯಾವಾಗ ನಮ್ಮ ಒಲಿ ತನಕ ಬಂದೀಯಪಾ?” ಅಂತ ಕೇಳತಿದ್ದೆ. ಕ್ಲೋಸ್ ಅಂದದ್ದಕ್ಕ ಕೇಳಲಿಕ್ಕೆ ಏನೂ ಇರಲಿಲ್ಲ.

ನಾನು ಹಂತಿ ಪದ ಹಾಡಿದವ. ಕಣದಾಗ ಎತ್ತುಗಳನ್ನ ಒಂದರ ಬಾಜೂಕ ಒಂದು ಕಟ್ಟಿ ಮೇಟಿ ಸುತ್ತ ತಿರುಗಿಸುವಾಗ ಮೇಟಿಗೆ ಹತ್ತಿದ ಎತ್ತು ಸಣ್ಣ ಹೆಜ್ಜಿ ಇಡಬೇಕು, ಹೊರಗಿನದು ದೊಡ್ಡ ಹೆಜ್ಜಿ ಹಾಕಬೇಕು. ಅದಕ್ಕ ಮುದಿ ಎತ್ತನ್ನ ಒಳಗ ಕಟ್ಟತಿದ್ದಿವಿ. ಕೂಡಿ ನಡಿಯೂದಂದರ ಯಾರ ಕಾಲಿಗೆ ಎಷ್ಟು ದೂರ ಅನ್ನೂದರ ಲೆಕ್ಕ ಅದು, ರಾತ್ರಿಯೆಲ್ಲ ಪದ ಹಾಡಿ ಆ ಲೆಕ್ಕ ಕಾಯತಿದ್ದಿವಿ. ಈಗ ಮಷೀನು ತಾಸೆರಡು ತಾಸಿನಾಗ ರಾಶಿ ಮಾಡಿ ಹೋಗತದ. ಮಷೀನಿನ ಮ್ಯಾಲೆ ಸಿಟ್ಟಿಲ್ಲ, ನನ್ನ ಮೊಣಕಾಲಿಗೂ ಅದು ಬೇಕು.

2020ರ ಮಾರ್ಚಿನಲ್ಲಿ ಊರಿಗೆ ಊರೇ ಕ್ಲೋಸ್ ಆದಾಗ ಸೋಶಿಯಲ್ ಡಿಸ್ಟನ್ಸ್ ಇಡ್ರಿ ಅಂದರು. ದೂರ ಇರಬೇಕಾದದ್ದು ಮೈ, ಆದರ ಹೇಳಿದ ಮಾತು ಸಮಾಜವೇ ದೂರ ಇರಲಿ ಅನ್ನೂವಂಥದ್ದು. ಫಾತೋರ್ಡಾದ ಒಂದು ಖೋಲಿಯೊಳಗೆ ಏಳು ಮಂದಿ ಇದ್ದ ನನ್ನ ಮಗ ಅದನ್ನ ಕೇಳಿ ಫೋನಿನಾಗ ನಕ್ಕ.

ಮಾಸ್ತರರಿಗೆ ಒಂದು ಕೇಳಿಕೆ. ಮುಂದಿನ ವಾರ ಮಕ್ಕಳಿಗೆ ‘ಕ್ಲೋಸ್’ ಅನ್ನದೆ ತಮ್ಮ ಓಣಿಯ ಹತ್ತು ಮನೆಗಳ ಬಗ್ಗೆ ಬರೀಲಿಕ್ಕೆ ಹೇಳಿ. ಯಾರು ನಂಟು, ಯಾರು ಮುಯ್ಯಿ, ಯಾರದು ಹೊಕ್ಕುಬಳಕೆ ಅಂತ. ಬರೆದದ್ದನ್ನು ವಾಚನಾಲಯಕ್ಕೆ ತನ್ನಿ, ನಾನು ಓದತೀನಿ. ಹದಿನೈದು ದಿನದೊಳಗೆ ಮಾತ್ರ. ಆಮೇಲೆ ನಾನು ಫಾತೋರ್ಡಾಕ್ಕೆ ಹೊರಟೆ. ಆ ಬಾಯಿಗೆ ಒಯ್ಯಲಿಕ್ಕೆ ನನ್ನಾಕಿ ಈಗಾಗಲೇ ಚಟ್ನಿಗೆ ಶೇಂಗಾ ಹುರಿಯಾಕ ಹತ್ಯಾಳ.